ಪ್ರೊಜೆಕ್ಟರಿಗೆ ಮೂರು ಕಾಲು: ಎರಡು ತಿಂಗಳ ಪರದಾಟ

ಡಿಸೆಂಬರ್ 7

ನಿನ್ನೆ ರಾತ್ರಿ ನಮ್ಮ ಹನುಮಂತ ಲಂಕೆಗೆ ಹಾರುವ ಬದಲು ನೇರ ಮಾಡಿಗೆ ಹಾರಿದ.

ಬದಿಯಡ್ಕದ ಹತ್ತಿರ ನಮ್ಮೂರಿನ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ಹಳೆ ಯಕ್ಷಗಾನದ ವಿಡಿಯೋ ಹಾಕುತ್ತೇವೆ. ರಾಮಾಯಣವನ್ನು ಯಕ್ಷಗಾನದ ಪ್ರಸಂಗಗಳಾಗಿ ಬರೆದ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವೇನಿಲ್ಲ, ರಾಮಾಯಣದ ಪ್ರಸಂಗ ಅಂದರೆ ಚಾಪೆ ಸಾಲುವುದಿಲ್ಲ. ಪ್ರೊಜೆಕ್ಟರ್ ಕೂತಿದ್ದು ಮೇಜಿನ ಮೇಲೆ ಎರಡು ಮಣೆ, ಮಣೆಯ ಮೇಲೆ ಹಳೆ ಟೆಲಿಫೋನ್ ಡೈರೆಕ್ಟರಿ ಇಟ್ಟು. ಯಾರದೋ ಮೊಣಕೈ ತಾಗಿತು, ಡೈರೆಕ್ಟರಿ ಜಾರಿತು, ಮೂತಿ ಮೇಲಾಯಿತು. ಮಕ್ಕಳಿಗೆ ಅದೇ ಖುಷಿ. ನನಗೆ ಮಾತ್ರ ಎದೆ ಧಸಕ್ಕೆಂದಿತು, ಯಾಕೆಂದರೆ ಪ್ರೊಜೆಕ್ಟರ್ ನನ್ನದು.

ಒಂದು ಒಳ್ಳೆ ಸ್ಟ್ಯಾಂಡ್ ಬೇಕು. ಎತ್ತರ ಹೆಚ್ಚು ಕಡಿಮೆ ಆಗಬೇಕು, ಮಡಚಿ ಆಟೋದಲ್ಲಿ ಹಾಕುವ ಹಾಗಿರಬೇಕು, ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್ ಎರಡೂ ಕೂರಬೇಕು. ಇಷ್ಟೇ ಅಂದುಕೊಂಡೆ. ಸುಲಭ ಅಲ್ವಾ?

ಡಿಸೆಂಬರ್ 13

ಭಾವನ ಕ್ಯಾಮೆರಾ ಟ್ರೈಪಾಡ್ ತಂದೆ. ಅದರ ತಲೆಯಲ್ಲಿ ಒಂದು ಸ್ಕ್ರೂ ಇರುತ್ತದಲ್ಲ, ಅದಕ್ಕೆ ಪ್ಲೈವುಡ್ ಹಲಗೆ ಕೂರಿಸಿದರೆ ಆಯಿತು ಅಂತ ಲೆಕ್ಕ. ಹಲಗೆಗೆ ತೂತು ಕೊರೆದು 6 ಎಂಎಂ ನಟ್ಟು ಹೂತಿಟ್ಟೆ. ನಟ್ಟು ಸ್ಕ್ರೂವಿಗೆ ಹಿಡಿಯಲೇ ಇಲ್ಲ. ಎಣ್ಣೆ ಹಾಕಿದೆ, ಸುತ್ತಿಗೆಯಲ್ಲಿ ಒಂದು ತಟ್ಟೂ ತಟ್ಟಿದೆ. ಊಹೂಂ.

ಹಾರ್ಡ್‌ವೇರ್ ಅಂಗಡಿಯವರು ನೋಡಿ ನಕ್ಕರು. 'ಇದು ಎಂಎಂ ಅಲ್ಲ ಮಾಷೆ, ಕಾಲಿಂಚು' ಅಂದರು. ಕ್ಯಾಮೆರಾ ಟ್ರೈಪಾಡಿನ ಸ್ಕ್ರೂ ಕಾಲು ಇಂಚಿನದು, ಅಂದರೆ 6.35 ಎಂಎಂ, ಒಂದು ಇಂಚಿಗೆ 20 ಸುತ್ತು. ದೊಡ್ಡ ಟ್ರೈಪಾಡುಗಳಲ್ಲಿ ಮುಕ್ಕಾಲಿಂಚಿನ ಅರ್ಧ, ಅಂದರೆ 3/8 ಇಂಚಿನದೂ ಇರುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ನನ್ನ ಒಂದು ಸಂಜೆ ಹೋಯಿತು. ಅಂದ ಹಾಗೆ ಕನ್ನಡದಲ್ಲೂ ಮಲಯಾಳದಲ್ಲೂ ಕಾಲು ಅಂದರೆ ಕಾಲೂ ಹೌದು, ನಾಲ್ಕನೇ ಒಂದು ಪಾಲೂ ಹೌದು. ಮೂರು ಕಾಲಿಗೆ ಕಾಲಿಂಚು ಅಂತ ನಾವಿಬ್ಬರೂ ಒಂದೇ ಸಲ ಹೇಳಿ ನಕ್ಕೆವು. ಕಾಸರಗೋಡಿನಲ್ಲಿ ಇಂಥ ಲಾಭ ಇದೆ.

ಸರಿಯಾದ ನಟ್ಟು ಹಾಕಿದ ಮೇಲೆ ಹಲಗೆ ಗಟ್ಟಿ ಕೂತಿತು. ಆದರೆ ಟ್ರೈಪಾಡಿನ ಕತ್ತು ಪ್ಲಾಸ್ಟಿಕ್. 2.6 ಕೆ.ಜಿ. ಪ್ರೊಜೆಕ್ಟರ್ ಇಟ್ಟು ಹತ್ತು ನಿಮಿಷಕ್ಕೆ ತೂಕಡಿಸುವವರ ಹಾಗೆ ಮೆಲ್ಲಗೆ ತಲೆ ತಗ್ಗಿಸಿತು. ಒಂದು ಡಿಗ್ರಿ ವಾಲಿದರೂ 4 ಮೀಟರ್ ದೂರದ ಪರದೆಯಲ್ಲಿ ಚಿತ್ರ 7 ಸೆಂಟಿಮೀಟರ್ ಸರಿಯುತ್ತದೆ. ಮುಖ ಇದ್ದ ಜಾಗಕ್ಕೆ ಕಿರೀಟ ಬರುತ್ತದೆ. ಭಾವ ಬಂದು ನೋಡಿದ. 'ಎಂತ ಮಾರಾಯ, ಇದು ನನ್ನ ಕ್ಯಾಮೆರಾಕ್ಕೆ ಉಂಟಲ್ಲ' ಅಂತ ಟ್ರೈಪಾಡ್ ಬಿಚ್ಚಿಕೊಂಡು ಹೋದ.

ಡಿಸೆಂಬರ್ 24

ಆನ್‌ಲೈನಿನಲ್ಲಿ ತರಿಸಿದ್ದು ಬಂತು. ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್ ಸ್ಟ್ಯಾಂಡ್ ಅಂತಲೇ ಮಾರುವ ಜಾತಿ, ಮೇಲೆ ಅಂಚು ಎತ್ತಿದ ಟ್ರೇ, ಕೆಳಗೆ ಮೂರು ಕಾಲು. ಡಬ್ಬಿಯ ಮೇಲೆ 10 ಕೆ.ಜಿ. ಹೊರುತ್ತದೆ ಅಂತ ಬರೆದಿದೆ. ಹೊರುತ್ತದೆ, ಸುಳ್ಳಲ್ಲ. ಅಕ್ಕಿ ಚೀಲ ಇಟ್ಟು ನೋಡಿದೆ. ಆದರೆ ಹೊರುವುದು ಬೇರೆ, ಅಲ್ಲಾಡದೆ ನಿಲ್ಲುವುದು ಬೇರೆ. ಕಂಬ ಒಂದರೊಳಗೊಂದು ಮೂರು ತುಂಡು. ಮೇಲಿನ ತುಂಡು ನನ್ನ ಹೆಬ್ಬೆರಳಿನಷ್ಟೇ ದಪ್ಪ. ಪೂರ್ತಿ ಎಳೆದು ನಿಲ್ಲಿಸಿ ಟ್ರೇ ಮೂಲೆಯನ್ನು ಒಂದು ಬೆರಳಲ್ಲಿ ಮುಟ್ಟಿದೆ, ಪರದೆಯ ಮೇಲೆ ಅಕ್ಷರ ಮೂರು ನಾಲ್ಕು ಸೆಕೆಂಡು ನಡುಗಿತು. ಅದೇ ಟ್ರೇಯಲ್ಲಿ ಲ್ಯಾಪ್‌ಟಾಪ್ ಇಟ್ಟು ಟೈಪ್ ಮಾಡಿದರೆ ಒಂದೊಂದು ಕೀ ಒತ್ತಿದಾಗಲೂ ಪರದೆಗೆ ಭೂಕಂಪ.

ಇಲ್ಲಿ ಒಂದು ನಿರ್ಧಾರ ಆಯಿತು. ಎರಡೂ ಒಂದೇ ಸ್ಟ್ಯಾಂಡಿನಲ್ಲಿ ಬೇಡ. ಲ್ಯಾಪ್‌ಟಾಪಿಗೆ ಪಕ್ಕದಲ್ಲಿ ಒಂದು ಸ್ಟೂಲು ಸಾಕು. ಟ್ರೇ ಸ್ಟ್ಯಾಂಡ್ ವಾಪಸು ಕಳಿಸಿದೆ. ಲ್ಯಾಪ್‌ಟಾಪ್ ಒಂದಕ್ಕೇ, ನಿಂತು ಪಾಠ ಮಾಡುವವರಿಗೆ, ಅದು ಕೆಟ್ಟದ್ದೇನಲ್ಲ.

ಜನವರಿ 4

ನಿಜ ಹೇಳಬೇಕೆಂದರೆ ಎತ್ತರದ ಲೆಕ್ಕವನ್ನೇ ನಾನು ತಪ್ಪು ಹಾಕಿದ್ದೆ. ಜನರ ತಲೆ ಮೇಲಿಂದ ಬೆಳಕು ಹೋಗಬೇಕು ಅಂತ ಆರು ಅಡಿ ಎತ್ತರದ ಸ್ಟ್ಯಾಂಡುಗಳನ್ನೇ ನೋಡುತ್ತಿದ್ದೆ. ಆದರೆ ನಮ್ಮಲ್ಲಿ ಕೂರುವುದು ಚಾಪೆಯಲ್ಲಿ. ಟೇಪು ಹಿಡಿದು ಅಳೆದೆ. ಚಕ್ಕಳಮಕ್ಕಳ ಹಾಕಿ ಕೂತ ಅಪ್ಪನ ತಲೆ ನೆಲದಿಂದ 84 ಸೆಂಟಿಮೀಟರ್. ಹಾಗಾದರೆ 1.2 ಮೀಟರ್ ಧಾರಾಳ. ಕಂಬ ಎಳೆದಷ್ಟೂ ಅಲ್ಲಾಟ ಜಾಸ್ತಿ, ಆದ್ದರಿಂದ ಎಳೆಯದೇ ಸಾಕಾಗುವ ಸ್ಟ್ಯಾಂಡೇ ಒಳ್ಳೆಯದು.

ಪರದೆ ನಮ್ಮದು ಎರಡು ಬಿಳಿ ಮುಂಡು ಜೋಡಿಸಿ ಹೊಲಿದದ್ದು, ಚಿತ್ರ 2 ಮೀಟರ್ ಅಗಲ. ನನ್ನ ಪ್ರೊಜೆಕ್ಟರಿಗೆ ಅಗಲದ ಒಂದೂವರೆ ಪಟ್ಟು ದೂರ ಬೇಕು, ಅಂದರೆ 3 ಮೀಟರ್. ಇದರ ಲೆನ್ಸ್ ಹೆಚ್ಚು ಕಡಿಮೆ ಚಿತ್ರದ ಕೆಳ ಅಂಚಿನ ಮಟ್ಟಕ್ಕೆ ಇರಬೇಕು. ಕೆಳಗಿಟ್ಟು ಮೂತಿ ಎತ್ತಿದರೆ ಚಿತ್ರ ಮೇಲೆ ಅಗಲ, ಕೆಳಗೆ ಕಿರಿದು. ಕೀಸ್ಟೋನ್ ಅಂತ ಸೆಟ್ಟಿಂಗ್ ಇದೆ, ಅದು ಚಿತ್ರವನ್ನು ಚೌಕ ಮಾಡುತ್ತದೆ, ಆದರೆ ಚಿತ್ರವನ್ನೇ ಕುಗ್ಗಿಸಿ ಮಾಡುತ್ತದೆ, ಹಾಗಾಗಿ ಸ್ಪಷ್ಟತೆ ಹೋಗುತ್ತದೆ. ಸ್ಟ್ಯಾಂಡ್ ಸರಿಯಾದ ಎತ್ತರದಲ್ಲಿದ್ದರೆ ಅದರ ಗೊಡವೆಯೇ ಇಲ್ಲ.

ಉತ್ತರ ಸಿಕ್ಕಿದ್ದು ದೇವಸ್ಥಾನದ ಜಾತ್ರೆಯಲ್ಲಿ. ಮೈಕ್ ಸೆಟ್ಟಿನವರು ಸ್ಪೀಕರ್ ಇಡುವ ಕಬ್ಬಿಣದ ಸ್ಟ್ಯಾಂಡ್! 20 ಕೆ.ಜಿ. ಸ್ಪೀಕರ್ ಹೊತ್ತು ರಾತ್ರಿಯಿಡೀ ನಿಂತಿರುತ್ತದೆ. ಕಂಬದ ತುದಿ 35 ಎಂಎಂ, ಹೆಚ್ಚಿನ ಸ್ಪೀಕರುಗಳಿಗೆ ಇದೇ ಅಳತೆ. ಮೈಕಿನ ಅಣ್ಣ ಒಂದು ಹಳೆಯದನ್ನು 900 ರೂಪಾಯಿಗೆ ಕೊಟ್ಟರು. ಬಣ್ಣ ಹೋಗಿದೆ, ಸೊಂಟ ಗಟ್ಟಿ ಇದೆ. ಪೂರ್ತಿ ಇಳಿಸಿದಾಗ 1.15 ಮೀಟರ್. ನನಗೆ ಬೇಕಾದ್ದೇ ಅಷ್ಟು.

ತಿರುಪು ಎಷ್ಟೇ ಬಿಗಿ ಮಾಡಿದರೂ ಕಂಬದ ತೂತಿಗೆ ಪಿನ್ ಹಾಕದೆ ಬಿಡಬೇಡ ಅಂತ ಅಣ್ಣ ಎರಡು ಸಲ ಹೇಳಿದರು. ತಿರುಪು ಜಾರಿದರೂ ಪಿನ್ ಹಿಡಿಯುತ್ತದೆ.

ಜನವರಿ 18

ಆಚಾರಿಯವರ ಹತ್ತಿರ 18 ಎಂಎಂ ಪ್ಲೈವುಡ್ಡಿನ ಹಲಗೆ ಮಾಡಿಸಿದೆ. ಸ್ಪೀಕರ್ ಅಡಿಗೆ ಕೂರಿಸುವ ಟೋಪಿಯಂಥ ಕಪ್ ಸಿಗುತ್ತದೆ, ಅದನ್ನು ಹಲಗೆಯ ಕೆಳಗೆ ನಾಲ್ಕು ಬೋಲ್ಟ್ ಹಾಕಿ ಬಿಗಿದರು. ಪ್ರೊಜೆಕ್ಟರನ್ನು ಸುಮ್ನೆ ಇಡಲಿಲ್ಲ. ಛಾವಣಿಗೆ ತೂಗಿಸಲು ಅಡಿಯಲ್ಲಿ ತೂತುಗಳಿರುತ್ತವಲ್ಲ, ನನ್ನದರಲ್ಲಿ 4 ಎಂಎಂನವು, ಅವಕ್ಕೇ ಕೆಳಗಿನಿಂದ ಸ್ಕ್ರೂ ಹಾಕಿದೆ. ಉದ್ದದ ಸ್ಕ್ರೂ ಹಾಕಿದರೆ ಒಳಗೆ ಏನಕ್ಕಾದರೂ ತಾಗೀತು, ಅಳೆದು ಹಾಕಬೇಕು. ಮೆತ್ತಗಿರಲಿ ಅಂತ ಹಲಗೆ ತುಂಬ ರಬ್ಬರ್ ಶೀಟ್ ಹಾಸಿದ್ದೆ. ಅರ್ಧ ಗಂಟೆಯಲ್ಲಿ ಬಿಸಿಯ ಕೆಂಪು ದೀಪ ಹತ್ತಿತು! ಗಾಳಿ ಎಳೆಯುವ ಜಾಲರಿ ಅಡಿಯಲ್ಲೇ ಇತ್ತು, ನಾನು ಮೂಗು ಮುಚ್ಚಿಬಿಟ್ಟಿದ್ದೆ. ಶೀಟನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬದಿಗೆ ಮಾತ್ರ ಅಂಟಿಸಿದೆ.

ಆಚಾರಿಯವರು ರಸಮಟ್ಟ ಇಟ್ಟು ನೋಡಿ ಇನ್ನೊಂದು ವಿಷಯ ಹೇಳಿದರು, ಅದು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಮೂರು ಕಾಲಿನದು ಕಾಲಿನ ಕಡೆಗೆ ಬೀಳುವುದಿಲ್ಲ, ಎರಡು ಕಾಲುಗಳ ನಡುವಿನ ಸಂದಿಗೆ ಬೀಳುತ್ತದೆ. ಅಳೆದೆ. ನನ್ನ ಸ್ಟ್ಯಾಂಡಿನ ಕಾಲಿನ ತುದಿ ನಡುಗಂಬದಿಂದ 54 ಸೆಂಟಿಮೀಟರ್ ದೂರ. ಸಂದಿಯ ಕಡೆ ಆಧಾರ ಇರುವುದು ಅದರ ಅರ್ಧ, ಬರೀ 27. ಆದ್ದರಿಂದ ಒಂದು ಕಾಲು ಯಾವಾಗಲೂ ಭಾರ ಇರುವ ಕಡೆಗೆ, ನನ್ನದರಲ್ಲಿ ಲೆನ್ಸಿನ ಕಡೆಗೆ. ಕಾಲನ್ನು ಕಂಬಕ್ಕೆ ಜೋಡಿಸುವ ಅಡ್ಡಪಟ್ಟಿ ನೆಲಕ್ಕೆ ಸಮ ಬರುವಷ್ಟು ಕಾಲು ಅಗಲಿಸಬೇಕು. ನೋಡಲು ಚಂದ ಅಂತ ಒತ್ತೊತ್ತಾಗಿ ನಿಲ್ಲಿಸಿದರೆ ಕೆಟ್ಟಿತು.

ಕೆಳಗೆ ಭಾರ ಇದ್ದಷ್ಟೂ ಒಳ್ಳೆಯದು ಅಂತ ಒಂದು ಚೀಲದಲ್ಲಿ ಸುಲಿದ 8 ತೆಂಗಿನಕಾಯಿ ಹಾಕಿ ನಡುಗಂಬಕ್ಕೆ ಕಟ್ಟಿದೆ. ಚೀಲ ನೇತಾಡಬಾರದು, ತಳ ನೆಲಕ್ಕೆ ಚೂರು ತಾಗಿರಬೇಕು. ಇಲ್ಲದಿದ್ದರೆ ಅದೇ ತೊಟ್ಟಿಲ ಹಾಗೆ ತೂಗುತ್ತದೆ.

ಫೆಬ್ರವರಿ 1

ನಿನ್ನೆ ಕಾರ್ಯಕ್ರಮ. ಎರಡೂವರೆ ಗಂಟೆ ಚಿತ್ರ ಕದಲಲಿಲ್ಲ. ನಡುವೆ ಒಬ್ಬ ಹುಡುಗ ನೀರು ಕುಡಿಯಲು ಓಡಿದವನು ಕರೆಂಟಿನ ವಯರಿಗೆ ಕಾಲು ಸಿಕ್ಕಿಸಿಕೊಂಡ. ಸಭೆಯೆಲ್ಲ ಹೋ ಅಂದಿತು. ಏನೂ ಆಗಲಿಲ್ಲ, ಯಾಕೆಂದರೆ ವಯರನ್ನು ಸ್ಟ್ಯಾಂಡಿನ ಕಾಲಿನ ಬುಡಕ್ಕೇ ಒಂದು ಸುತ್ತು ಕಟ್ಟಿದ್ದೆ. ಎಳೆತ ಬುಡಕ್ಕೆ ಬಿತ್ತು, ತಲೆಗೆ ಬೀಳಲಿಲ್ಲ. ಮೇಲಿನಿಂದ ನೇರ ಇಳಿಬಿಟ್ಟಿದ್ದರೆ ನಾನಿವತ್ತು ಇದನ್ನು ಬರೆಯುತ್ತಿರಲಿಲ್ಲ, ಹೊಸ ಪ್ರೊಜೆಕ್ಟರಿನ ಬೆಲೆ ನೋಡುತ್ತಿದ್ದೆ.

ಬಾಕಿ ಇರುವುದು ಒಂದೇ. ಅಂಗಳದಲ್ಲಿ ಇಟ್ಟಾಗ ನೆಲ ಏರುತಗ್ಗು, ಹಲಗೆಯನ್ನು ಚೂರು ಓರೆ ಮಾಡುವ ವ್ಯವಸ್ಥೆ ಬೇಕು. ಕೀಲು ಹಾಕಿದರೆ ಮತ್ತೆ ಕತ್ತು ಸಡಿಲ ಆಗುವ ಭಯ. ಸದ್ಯಕ್ಕೆ ಕಾಲಿನಡಿಗೆ ಅಡಕೆ ಸೋಗೆಯ ಹಾಳೆ ಮಡಚಿ ಇಡುತ್ತಿದ್ದೇನೆ.

ಇನ್ನೊಂದು. ಬೆಳಿಗ್ಗೆ ನೋಡಿದರೆ ಚೀಲ ಹಗುರ ಅನ್ನಿಸಿತು. ಎಣಿಸಿದೆ, 6 ಇದೆ. ಅಮ್ಮನ ಹತ್ತಿರ ಕೇಳಿದರೆ, 'ದೋಸೆಗೆ ಚಟ್ನಿ ಬೇಡ್ವಾ ನಿನಗೆ?' ಅಂದರು.