ಟಂಕಸಾಲೆಯ ತಪ್ಪೋ, ಆಮೇಲೆ ಬಿದ್ದ ಪೆಟ್ಟೋ?

“ನಮ್ಮನೇಲಿರೋ ಹಳೇ ನಾಣ್ಯ ಸ್ವಲ್ಪ ವಿಚಿತ್ರವಾಗಿದೆ, ಇದು ಎರರ್ ಕಾಯಿನ್ನಾ?” ಫೋಟೊ ಕಳಿಸಿ ಹೀಗೆ ಕೇಳುವವರು ಬಹಳ. ಎರರ್ ಕಾಯಿನ್ ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ ನಾಣ್ಯ. ನಾನು ಮೊದಲು ಕೇಳುವುದು ತೂಕ. ಅದು ಫೋಟೊದಲ್ಲಿ ಕಾಣುವುದಿಲ್ಲ.

ಈಚೆಗೆ ಒಬ್ಬ ತಾಯಿ 1862ರ ವಿಕ್ಟೋರಿಯಾ ಬೆಳ್ಳಿ ರೂಪಾಯಿ ತಂದಿದ್ದರು. ರಾಣಿಯ ಕಿರೀಟದ ಮೇಲೆ, ಅಂಚಿಗೆ ತಾಗಿ ಒಂದು ಗಂಟು. ಅಚ್ಚಿನ ಅಂಚು ಮುರಿದರೆ ಇಂಥ ಗಂಟು ಮೂಡುವುದು ನಿಜ, ಅಂಥದ್ದಕ್ಕೆ ಒಳ್ಳೆಯ ಬೆಲೆಯೂ ಇದೆ. ಆದರೆ ಆಗ ಗಂಟಿಗೆ ಬೇಕಾದ ಲೋಹ ಅದೇ ಬಿಲ್ಲೆಯಿಂದ, ಅಂದರೆ ಅಚ್ಚೊತ್ತಲು ಇಟ್ಟ ಲೋಹದ ತುಂಡಿನಿಂದ, ಹರಿದು ಬಂದಿರುತ್ತದೆ. ಹಾಗಾಗಿ ತೂಕ ಹೆಚ್ಚುವುದಿಲ್ಲ, ಬೆನ್ನಿನ ಕಡೆ ಅದೇ ಜಾಗದ ಚಿತ್ತಾರ ಮಸುಕಾಗಿರುತ್ತದೆ. ಇಲ್ಲಿ ಹಿಂಬದಿಯ ಹೂಬಳ್ಳಿ ಚೊಕ್ಕವಾಗಿತ್ತು. ಸವೆದ ನಾಣ್ಯವಾದರೂ ತಕ್ಕಡಿ ಹೊಸ ರೂಪಾಯಿಯ ನಿಗದಿತ ತೂಕವಾದ 11.66 ಗ್ರಾಂಗಿಂತ ಹೆಚ್ಚು ತೋರಿಸಿತು. ಅಂಚಿನ ಗೀರುಗಳ ಮೇಲೂ ಲೋಹ ಹರಿದಿತ್ತು. “ಇದು ಸರದಲ್ಲಿತ್ತಾ ಅಮ್ಮಾ?” ಎಂದೆ. ಅವರ ಅಜ್ಜಿಯ ಸರದ್ದಂತೆ. ಕೊಂಡಿ ಕಿತ್ತ ಮೇಲೆ ಉಳಿದ ಬೆಸುಗೆ ಅದು. ಅರ ಹಾಕಿಸಿ ತೆಗೆಸಬೇಡಿ ಎಂದು ಕೈಮುಗಿದು ಹೇಳಿ ಕಳಿಸಿದೆ. ಸರಕ್ಕೆಂದು ಚಿನ್ನದ ನೀರು ಕುಡಿಸಿದ ರೂಪಾಯಿಯನ್ನು “ಬೇರೆ ಲೋಹದಲ್ಲಿ ಅಚ್ಚಾದದ್ದು” ಎಂದು ಮಾರುವವರೂ ಇದ್ದಾರೆ, ಎಚ್ಚರ.

ನನ್ನ ಲೆಕ್ಕ ಇಷ್ಟೇ: ಲೋಹ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಪಕ್ಕ ತುಂಡಾದ ಕಾಲಾಣೆಯನ್ನೇ ನೋಡಿ. ಬಿಲ್ಲೆ ಕತ್ತರಿಸುವಾಗಲೇ ಒಂದು ಕಡೆ ಕೊರೆಯಾಗಿದ್ದರೆ, ಅಂಚು ಏರಿಸುವ ಯಂತ್ರದಲ್ಲಿ ಉರುಳುವಾಗ ಅದರ ಎದುರು ಬದಿಗೂ ಒತ್ತಡ ಸಿಗುವುದಿಲ್ಲ. ಅದಕ್ಕೇ ಬಹುಪಾಲು ಅಸಲಿ ನಾಣ್ಯಗಳಲ್ಲಿ ಎದುರಿನ ಅಂಚೂ ಸೊರಗಿರುತ್ತದೆ. ಕತ್ತರಿಯಿಂದ ಕತ್ತರಿಸಿದವನು ಅಷ್ಟು ದೂರ ಯೋಚಿಸಿರುವುದಿಲ್ಲ. ಎದುರಿನ ಅಂಚು ಗಟ್ಟಿಯಾಗಿ ನಿಂತಿರುತ್ತದೆ, ತುಂಡಾದ ಕಡೆ ಅರದ ಗೆರೆಗಳಿರುತ್ತವೆ.

ಕನ್ನಡಿಬಿಂಬದ ನಾಣ್ಯದಲ್ಲಿ ಮೋಸ ಇನ್ನೂ ಹೆಚ್ಚು. ಅಚ್ಚಾದ ನಾಣ್ಯ ಅಚ್ಚಿಗೇ ಕಚ್ಚಿಕೊಂಡು, ಮುಂದಿನ ಬಿಲ್ಲೆ ಅದಕ್ಕೆ ಒತ್ತಿದಾಗ, ಒಂದು ಬದಿ ಸರಿಯಾಗಿಯೂ ಇನ್ನೊಂದು ಬದಿ ಅದೇ ಚಿತ್ರ ತಿರುಗುಮುರುಗಾಗಿ ತಗ್ಗಿನಲ್ಲಿಯೂ ಮೂಡುತ್ತದೆ. ಎರಡು ನಾಣ್ಯ ಜೋಡಿಸಿ ವೈಸ್‌ನಲ್ಲಿ (ತಿರುಪು ತಿರುಗಿಸಿ ಬಿಗಿಯುವ ಹಿಡಿಕೆಯಲ್ಲಿ) ಬಿಗಿದರೂ ತಗ್ಗಿನ ಚಿತ್ರ ಬರುತ್ತದೆ. ಆದರೆ ಭೂತಗನ್ನಡಿ ಹಿಡಿದರೆ ಅದರಡಿ ಮೊದಲಿನ ಚಿತ್ರ ಚಪ್ಪಟೆಯಾಗಿ ಮಲಗಿರುವುದು ಕಾಣುತ್ತದೆ.

ನಮ್ಮ ಕಡೆ ಹೆಚ್ಚು ಜನ ಕೇಳುವುದು ಟಿಪ್ಪುವಿನ ಆನೆಯ ತಾಮ್ರದ ಕಾಸಿನ ಬಗ್ಗೆ: “ಆನೆಯ ಸೊಂಡಿಲೇ ಇಲ್ಲ, ಎರರ್ ಅಲ್ವಾ?” ಅಲ್ಲ. ಅವು ಕೈಯಲ್ಲಿ ಸುತ್ತಿಗೆ ಹೊಡೆದು ಅಚ್ಚೊತ್ತಿದವು. ಎಷ್ಟೋ ಸಲ ಅಚ್ಚೇ ಬಿಲ್ಲೆಗಿಂತ ದೊಡ್ಡದು, ಚಿತ್ರ ಸರಿದು ಅರ್ಧ ಹೊರಗೆ ಹೋಗುವುದು ಆಗ ಮಾಮೂಲು. ಅದಕ್ಕೆ ಎರರ್ ಬೆಲೆ ಕೊಡಬೇಡಿ. ಸೊಂಡಿಲಿನಿಂದ ಬಾಲದವರೆಗೆ ಆನೆ ಪೂರ್ತಿ ಮೂಡಿದ ಕಾಸು ಸಿಕ್ಕರೆ, ಅದಕ್ಕೆ ನಾಲ್ಕು ಕಾಸು ಹೆಚ್ಚೇ ಕೊಡಿ.