ಅತ್ತೆ ಕೂರುತ್ತಿದ್ದ ಜಾಗ

ಶೆಟ್ಟಿಹಳ್ಳಿಯ ಹಳೆಯ ಚರ್ಚಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ, ಪ್ರತಿ ಸಲವೂ ಕ್ಯಾಮೆರಾ ಹಿಡಿದೇ. ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರು ಅದನ್ನು ಅರ್ಧ ನುಂಗಿರುವಾಗ, ಬೇಸಿಗೆಯಲ್ಲಿ ಸುತ್ತಲಿನ ನೆಲ ಬಾಯಿ ಬಿಟ್ಟಿರುವಾಗ. ಕಳೆದ ಏಪ್ರಿಲ್‌ನಲ್ಲಿ ಸೋದರತ್ತೆಯನ್ನು ಹಾಸನದಿಂದ ಕರೆದುಕೊಂಡು ಹೋದೆ. ಅವರ ಜ್ಞಾನಸ್ನಾನ, ಮದುವೆ ಎರಡೂ ಅಲ್ಲೇ ಆದದ್ದು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ಊರು ಮುಳುಗಡೆಯಾದ ಮೇಲೆ ಅವರು ಆ ಕಡೆ ತಲೆ ಹಾಕಿರಲಿಲ್ಲ.

ದಾರಿಯುದ್ದಕ್ಕೂ ನಾನೇ ಮಾತಾಡಿದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಗಾಥಿಕ್ ಶೈಲಿ, ಮೊನಚು ಕಮಾನುಗಳು ಭಾರವನ್ನೆಲ್ಲ ಕಂಬಗಳಿಗೆ ಇಳಿಸುವುದರಿಂದ ಗೋಡೆಯಲ್ಲಿ ಅಷ್ಟುದ್ದದ ಕಿಟಕಿ ಇಡಲು ಸಾಧ್ಯ. ಅತ್ತೆ ಜಪಸರ ಬೆರಳಿಗೆ ಸುತ್ತಿಕೊಂಡು ಸುಮ್ಮನೆ ಕೇಳಿಸಿಕೊಂಡರು.

ಬಾಗಿಲಿದ್ದ ಜಾಗಕ್ಕೆ ಬಂದಾಗ ಅವರು ತಟ್ಟನೆ ನಿಂತರು. ಬಲಗೈಯನ್ನು ಪಕ್ಕದ ಗೋಡೆಯತ್ತ ಚಾಚಿ, ಬರಿಗಾಳಿಯಲ್ಲಿ ಬೆರಳದ್ದಿ, ಶಿಲುಬೆಯ ಗುರುತು ಹಾಕಿಕೊಂಡರು. ತೀರ್ಥದ ಬಟ್ಟಲು ಅಲ್ಲಿತ್ತಂತೆ. ಕೈಗೆ ಆ ಎತ್ತರ ಇನ್ನೂ ನೆನಪಿದೆ.

ಒಳಗೆ ಚಾವಣಿಯಿಲ್ಲ, ನೆಲದ ಮೇಲೆ ಮೆಕ್ಕಲು. ಗಾರೆ ಕಳಚಿದಲ್ಲೆಲ್ಲ ಇಟ್ಟಿಗೆಯ ಹೊಟ್ಟೆ ಕಾಣುತ್ತದೆ. ಉಳಿದ ಕಡೆ ಉಗುರು ಹಾಕಿದರೂ ಏಳದಷ್ಟು ಗಟ್ಟಿ. ಬೆಲ್ಲ, ಮೊಟ್ಟೆ ಬೆರೆಸಿ ಅರೆದ ಗಾರೆ ಎಂದು ಊರವರು ಹೇಳುತ್ತಾರೆ. ವರ್ಷ ವರ್ಷ ನೀರಲ್ಲಿ ನೆಂದು ಬಿಸಿಲಲ್ಲಿ ಒಣಗಿಯೂ ಇಷ್ಟು ನಿಂತಿದೆಯಲ್ಲ! ಆ ಗಾರೆಯ ಮೇಲೆ ಯಾರೋ ತಮ್ಮ ಹೆಸರು ಕೆತ್ತಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

"ಬೆಂಚು ಎಲ್ಲಿ ಹಾಕುತ್ತಿದ್ದರು ಅತ್ತೆ?"

"ಎಲ್ಲಿಯ ಬೆಂಚು? ಎಲ್ಲರೂ ಚಾಪೆಯ ಮೇಲೆ. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಮಕ್ಕಳೆಲ್ಲ ಮುಂದೆ."

ಬಲಿಪೀಠ ಹಿಂಗೋಡೆಗೆ ಒತ್ತಿಕೊಂಡಿತ್ತಂತೆ. ಅವರು ಚಿಕ್ಕವರಿದ್ದಾಗ ಪೂಜೆ ಲ್ಯಾಟಿನ್‌ನಲ್ಲಿ. ಫಾದರ್ ಜನರಿಗೆ ಬೆನ್ನು ಮಾಡಿ ಪೀಠದ ಕಡೆ ಮುಖವಿಟ್ಟು ನಿಲ್ಲುತ್ತಿದ್ದರು. 1962ರಿಂದ 1965ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ನಂತರ ಪೀಠ ಮುಂದೆ ಬಂತು, ಪೂಜೆ ಕನ್ನಡಕ್ಕೆ ಬಂತು. ನಾನು ಇದನ್ನು ಓದಿ ತಿಳಿದಿದ್ದೆ. ಅತ್ತೆ ಹೇಳಿದ್ದು ಬೇರೆ: "ಮೊದಲ ದಿನ ಫಾದರ್ ನಮ್ಮ ಕಡೆ ತಿರುಗಿ ನಿಂತಾಗ ಎಲ್ಲಿ ನೋಡಬೇಕೋ ತಿಳಿಯದೆ ನಾನು ತಲೆ ತಗ್ಗಿಸಿಬಿಟ್ಟೆ."

ಇಷ್ಟು ವರ್ಷ ನಾನು ತೆಗೆದ ಚಿತ್ರಗಳಲ್ಲೆಲ್ಲ ಕಮಾನುಗಳಿವೆ, ಕಮಾನಿನಾಚೆಯ ಆಕಾಶವಿದೆ. ಈ ನೆಲದ ಒಂದು ಚಿತ್ರವೂ ಇಲ್ಲ.

ಅತ್ತೆ ಎಡಗಡೆಯ ಮೂರನೆಯ ಕಂಬದ ಬುಡಕ್ಕೆ ಹೋಗಿ, ಸೆರಗು ತಲೆಗೆ ಹೊದ್ದು, ಒಣ ಮೆಕ್ಕಲಿನ ಮೇಲೆಯೇ ಕೂತು ಜಪಸರ ತೆಗೆದರು. ನಾನು ಕ್ಯಾಮೆರಾ ಚೀಲಕ್ಕೆ ಹಾಕಿ ಅವರ ಪಕ್ಕ ಕೂರಲು ಹೋದೆ. ತುಟಿಯ ಮೇಲಿನ ಪ್ರಾರ್ಥನೆ ನಿಲ್ಲಿಸದೆಯೇ ಅವರು ಕೈಸನ್ನೆ ಮಾಡಿ ನನ್ನನ್ನು ಬಲಗಡೆಗೆ ಕಳಿಸಿದರು.