ಬಿಸಿನೀರಲ್ಲಿ ತೊಳೆದ ಸೂಜಿ

"ಸೂಜಿ ಹೊಸದೇ ಮೇಡಂ. ಪ್ರತಿ ಸಲ ಬಿಸಿನೀರಲ್ಲಿ ತೊಳೆದೇ ಹಾಕೋದು."

ಫೋನಿನ ಆ ಕಡೆಯ ಟ್ಯಾಟೂ ಹುಡುಗ ಇದನ್ನು ಹೇಳಿದ್ದು ತುಂಬಾ ಧೈರ್ಯ ತುಂಬುವ ದನಿಯಲ್ಲಿ. ಹೊಸ ಸೂಜಿಯನ್ನು ಪ್ರತಿ ಸಲ ಯಾಕೆ ತೊಳೀತಾನೆ ಅಂತ ನನಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಅವನು ಆಫರ್‌ಗೆ ಹೋಗಿದ್ದ. ಮನೆಗೇ ಬರುತ್ತಾನಂತೆ. ಒಬ್ಬರಿಗೆ 500 ರೂಪಾಯಿ, ಐದು ಜನ ಹಾಕಿಸಿಕೊಂಡರೆ ಆರನೆಯವರಿಗೆ ಫ್ರೀ. ಯೋಚನೆ ಮಾಡಿ ಹೇಳ್ತೀನಿ ಅಂತ ಫೋನ್ ಇಟ್ಟೆ.

ನಾವಿದ್ದದ್ದೂ ಸರಿಯಾಗಿ ಆರೇ ಜನ. ಮೈಸೂರಿನ ಹಾಸ್ಟೆಲಲ್ಲಿ ಜೊತೆಗಿದ್ದವರು. ಅಲ್ಲಿ ಯಾರಿಗೂ ಸ್ವಂತ ಹೆಸರು ಇರಲಿಲ್ಲ, ಊರೇ ಹೆಸರು. ಹುಬ್ಳಿ, ಹಾಸ್ನ, ಮಂಡ್ಯ, ಬಳ್ಳಾರಿ, ಕುಂದಾಪ್ರ. ತಿಪಟೂರಿನವಳಾದ ನನಗೆ ಮಾತ್ರ 'ಕೊಬ್ರಿ' ಅಂತ ಪ್ರತ್ಯೇಕ ಮರ್ಯಾದೆ. ಹಾಸ್ಟೆಲ್ ಬಿಟ್ಟು ಹದಿನೈದು ವರ್ಷವಾಯಿತಲ್ಲ, ಎಲ್ಲರೂ ಸೇರಿ ಟ್ಯಾಟೂ ಹಾಕಿಸಿಕೊಳ್ಳೋಣ ಅಂತ ವಾಟ್ಸಾಪ್ ಗುಂಪಿನಲ್ಲಿ ಹುಬ್ಳಿ ಎಬ್ಬಿಸಿದ ಮಾತು ಅದು. ವಿಜಯನಗರದ ನನ್ನ ಫ್ಲ್ಯಾಟು, ಒಂದು ಭಾನುವಾರ, ಹಾಲಿನ ಮೂಲೆಯಲ್ಲಿ ಟ್ಯಾಟೂ ಹಾಕುವವನು, ಇನ್ನೊಂದು ಮೂಲೆಯಲ್ಲಿ ಊಟ. ಪ್ಲ್ಯಾನ್ ಇಷ್ಟೇ ಇತ್ತು.

ಬಿಸಿನೀರಿನ ಕಥೆಯನ್ನು ತಮಾಷೆಗೆ ಅಂತ ಗುಂಪಿಗೆ ಹಾಕಿದೆ. ಹಾಸ್ನ ನಗಲಿಲ್ಲ. ಅವಳು ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಶಿಯನ್. ಉದ್ದದ ವಾಯ್ಸ್ ಮೆಸೇಜ್ ಬಂತು. ಹೆಪಟೈಟಿಸ್ ಬಿ ವೈರಸ್ ದೇಹದಿಂದ ಹೊರಗೆ ಬಿದ್ದರೂ ಏಳು ದಿನ ಜೀವಂತ ಇರುತ್ತದೆ. ಕಣ್ಣಿಗೆ ಕಾಣದಷ್ಟು ಒಣಗಿದ ರಕ್ತ ಸಾಕು. ಗೀಸರ್ ನೀರಿಗೆ ಅದು ಕ್ಯಾರೇ ಅನ್ನುವುದಿಲ್ಲ. ಸೂಜಿಯನ್ನು ಮತ್ತೆ ಬಳಸಲೇಬಾರದು. ಸ್ಟೀಲಿನ ಹಿಡಿಯಂಥ ಸಾಮಾನಾದರೆ ಆಟೋಕ್ಲೇವಲ್ಲಿ 121 ಡಿಗ್ರಿ ಹಬೆಯಲ್ಲಿ, ಒತ್ತಡದಲ್ಲಿ, ಹದಿನೈದು ಇಪ್ಪತ್ತು ನಿಮಿಷ ಇಡಬೇಕು. "ಕುಕ್ಕರ್ ಥರಾನೇ ಕಣ್ರೇ, ಆದ್ರೆ ನಿಮ್ಮ ಕುಕ್ಕರ್ ಅಲ್ಲ" ಅಂತ ಕೊನೆಗೆ ಸೇರಿಸಿದಳು. ನಮ್ಮನ್ನು ಚೆನ್ನಾಗಿ ಬಲ್ಲವಳು.

ಸರಿ, ಒಳ್ಳೆಯ ಕಲಾವಿದನನ್ನೇ ಮನೆಗೆ ಕರೆಸಿದರೆ ಆಯಿತಲ್ಲ ಅಂತ ನನಗೆ ಇನ್ನೂ ಆಸೆ. ಅದನ್ನು ಕೊಂದಿದ್ದು ಹಾಸ್ನಳ ಒಂದೇ ಪ್ರಶ್ನೆ. ಬಳಸಿದ ಸೂಜಿಗಳನ್ನು ಎಲ್ಲಿ ಹಾಕ್ತೀಯಾ? ನಮ್ಮ ಬೀದಿಯಲ್ಲಿ ಬೆಳಗ್ಗೆ ಏಳಕ್ಕೆ ಕಸದ ಆಟೋ ಬರುತ್ತದೆ. ಅದರ ಹಿಂದೆ ನಿಂತು ಹಸಿ, ಒಣ ಅಂತ ಬರಿಗೈಯಲ್ಲಿ ಬೇರೆ ಮಾಡುವ ಹೆಂಗಸನ್ನು ನಾನು ದಿನಾ ನೋಡುತ್ತೇನೆ. ಹಬ್ಬದ ದಿನ ಹೋಳಿಗೆ ಕೊಟ್ಟರೆ ಕವರು ಬೇಡ, ಹಾಗೇ ಕೊಡಿ ಅನ್ನುವವರು. ನಮ್ಮ ಪಾರ್ಟಿಯ ಸೂಜಿ ಅವರ ಬೆರಳಿಗೆ ಚುಚ್ಚುವುದನ್ನು ನೆನೆಸಿಕೊಂಡೆ. ಸ್ಟುಡಿಯೋಗಳಲ್ಲಿ ಇದಕ್ಕೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ ಇರಬೇಕು, ಅದನ್ನು ಜೈವಿಕ ವೈದ್ಯಕೀಯ ತ್ಯಾಜ್ಯ ಒಯ್ಯುವವರಿಗೆ ಕೊಡಬೇಕು. ನನ್ನ ಹತ್ತಿರ ಇದ್ದದ್ದು ಮ್ಯಾಗಿ ಕವರು ತುಂಬಿದ ಡಸ್ಟ್‌ಬಿನ್.

ಕಾನೂನು ಏನು ಹೇಳುತ್ತೆ ಅಂತಲೂ ನೋಡಿದೆ. ಹಚ್ಚೆಗೆ ಅಂತಲೇ ನಮ್ಮ ದೇಶದಲ್ಲಿ ಒಂದು ಪ್ರತ್ಯೇಕ ಕಾನೂನು ಇಲ್ಲ. 2025ರ ಫೆಬ್ರವರಿಯಲ್ಲಿ ಟ್ಯಾಟೂ ಶಾಯಿಯಲ್ಲಿ ಲೋಹದ ಅಂಶಗಳು ಸಿಕ್ಕಿವೆ, ಇದಕ್ಕೊಂದು ನಿಯಮ ಬೇಕು ಅಂತ ನಮ್ಮ ರಾಜ್ಯದ ಆರೋಗ್ಯ ಸಚಿವರೇ ಹೇಳಿದ್ದರು. ಅಂದರೆ ಜಾಸ್ತಿ ನೋಡಿಕೊಳ್ಳಬೇಕಾದವರು ನಾವೇ. ಅಂಗಡಿಗೆ ಪಾಲಿಕೆಯ ಟ್ರೇಡ್ ಲೈಸೆನ್ಸ್ ಇದೆಯಾ, ಹಾಕಿಸಿಕೊಳ್ಳುವವರಿಗೆ 18 ತುಂಬಿದೆಯಾ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರಾ, ಇಷ್ಟು. ನಮ್ಮ ಅಪಾರ್ಟ್‌ಮೆಂಟ್ ಸೆಕ್ರೆಟರಿಯನ್ನು ಮೆಲ್ಲಗೆ ಕೇಳಿದ್ದಕ್ಕೆ, "ಟ್ಯೂಷನ್ ಮಾಡೋಕೇ ಬಿಟ್ಟಿಲ್ಲ, ಇನ್ನು ಇದಾ?" ಅಂದರು. ಅಲ್ಲಿಗೆ ಮುಗಿಯಿತು.

ಮೂರು ಸ್ಟುಡಿಯೋ ಸುತ್ತಿದೆ. ಮೊದಲನೆಯದರಲ್ಲಿ ನಿಯಾನ್ ಬೋರ್ಡು, ತಲೆಬುರುಡೆ, ಎಸಿ ಎಲ್ಲಾ ಇತ್ತು. ಶಾಯಿಯ ಬಾಟಲಿಗೆ ಲೇಬಲ್ ಇರಲಿಲ್ಲ. ಎರಡನೆಯದರಲ್ಲಿ ಲೈಸೆನ್ಸ್ ಕೇಳಿದ್ದಕ್ಕೆ ನನ್ನನ್ನೇ ಅನುಮಾನದಿಂದ ನೋಡಿದರು. ಮೂರನೆಯದು ಮೊದಲ ಮಹಡಿಯಲ್ಲಿ, ಕೆಳಗೆ ಝೆರಾಕ್ಸ್ ಅಂಗಡಿ. ಲೈಸೆನ್ಸ್ ಗೋಡೆಯ ಮೇಲೇ ಇತ್ತು, ಪಕ್ಕದಲ್ಲಿ ಸಣ್ಣ ಗಣಪತಿ. ಕಲಾವಿದ ನನ್ನ ಪ್ರಶ್ನೆಗೆ ಉತ್ತರ ಕೊಡುವ ಮೊದಲು ತಾನೇ ಪ್ರಶ್ನೆ ಶುರು ಮಾಡಿದ. ಯಾರಿಗಾದರೂ ಶುಗರ್ ಇದೆಯಾ? ರಕ್ತ ತೆಳುವಾಗುವ ಮಾತ್ರೆ? ಗಾಯ ಒಣಗಿದ ಮೇಲೆ ಗಂಟು ಕಟ್ಟುವ ಚರ್ಮವಾ? ಬಸುರಿ, ಬಾಣಂತಿ ಇದ್ದಾರಾ? ನನಗೆ ಅವನ ಮೇಲೆ ನಂಬಿಕೆ ಬಂದದ್ದು ಅವನ ಡಿಸೈನ್ ನೋಡಿ ಅಲ್ಲ, ಈ ಪೊಲೀಸ್ ವಿಚಾರಣೆಯಿಂದ.

"ಸೋಮವಾರ ನಮಗೆ ರಜೆ. ನಿಮಗೋಸ್ಕರ ತೆಗೀತೀನಿ" ಅಂದ. "ಆದ್ರೆ ಕೇಕು, ಬಲೂನು, ಬಿಯರು ಯಾವುದೂ ಒಳಗೆ ಬರಂಗಿಲ್ಲ. ಹಿಂದಿನ ರಾತ್ರಿನೂ ಕುಡಿದಿರಬಾರದು, ರಕ್ತ ಜಾಸ್ತಿ ಬರುತ್ತೆ, ಇಂಕ್ ನಿಲ್ಲಲ್ಲ. ದಿನಕ್ಕೆ ನಾಲ್ಕೇ ಜನ." ಹೀಗೆ ನಮ್ಮ ಟ್ಯಾಟೂ ಪಾರ್ಟಿ ಎರಡು ಹೋಳಾಯಿತು. ಟ್ಯಾಟೂ ಅಲ್ಲಿ, ಪಾರ್ಟಿ ನನ್ನ ಮನೆಯಲ್ಲಿ.

ಆರು ಜನ ನಾಲ್ಕಾಗಿದ್ದು ತಾನಾಗಿಯೇ. ಬಳ್ಳಾರಿಗೆ ಏಳು ತಿಂಗಳ ಮಗು, ಹಾಲು ಕುಡಿಯುತ್ತಿದೆ. ಮುಂದಿನ ವರ್ಷ ಬನ್ನಿ ಅಂದುಬಿಟ್ಟ ಕಲಾವಿದ. ಹಾಸ್ನ ತಾನಾಗಿಯೇ ಹಿಂದೆ ಸರಿದಳು. ನಾಲ್ಕು ತಿಂಗಳಿಗೊಮ್ಮೆ ತಪ್ಪದೆ ರಕ್ತ ಕೊಡುವವಳು ಅವಳು. ಹಚ್ಚೆ ಹಾಕಿಸಿಕೊಂಡರೆ ಹನ್ನೆರಡು ತಿಂಗಳು ರಕ್ತ ಕೊಡುವ ಹಾಗಿಲ್ಲ. ಮಂಡ್ಯಗೆ ಶುಗರ್. ಡಾಕ್ಟರ್ ಹತ್ತಿರ ಹೋಗಿ, ಹಿಡಿತದಲ್ಲಿದೆ, ಪರವಾಗಿಲ್ಲ ಅಂತ ಚೀಟಿ ಬರೆಸಿಕೊಂಡು ಬಂದಳು. ಕುಂದಾಪ್ರದವಳದ್ದೇ ರಗಳೆ. ಎರಡು ಮೂರು ವಾರ ಸಮುದ್ರ, ಈಜುಕೊಳ ಬೇಡ ಅಂದರೆ, "ಎಂತ ಮಾರಾಯ್ತಿ, ಕಡಲಿಗೆ ಇಳಿಯದಿದ್ರೆ ಊರಿಗೆ ಹೋಪುದೆಂತಕ್ಕೆ?" ಅಂತ ಜಗಳ. ಕೊನೆಗೆ ಊರಿನ ಟಿಕೆಟನ್ನೇ ತಿಂಗಳು ಮುಂದಕ್ಕೆ ಹಾಕಿದಳು.

ಎಲ್ಲಕ್ಕಿಂತ ಕಷ್ಟವಾದದ್ದು ಹುಬ್ಳಿಯ ತಂಗಿಗೆ ಇಲ್ಲ ಅನ್ನುವುದು. ಅವಳಿಗೆ ಹದಿನೇಳು ವರ್ಷ ಎಂಟು ತಿಂಗಳು. "ನಾಲ್ಕು ತಿಂಗಳಿಗೆ ಏನ್ ಆಗೂದೈತ್ರೀ ಅಕ್ಕಾ?" ಅಂತ ಕಣ್ಣಲ್ಲಿ ನೀರು ತುಂಬಿಕೊಂಡಳು. ಅವಳು ಪೊಲೀಸ್ ಪರೀಕ್ಷೆಗೆ, ಸೇನೆಗೆ ಎಲ್ಲದಕ್ಕೂ ಅರ್ಜಿ ಹಾಕುವ ಹುಡುಗಿ. ಸೇನೆಯಲ್ಲಿ ಹಚ್ಚೆ ದೇಹದ ಯಾವ ಜಾಗದಲ್ಲಿರಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಅವಳು ಕುತ್ತಿಗೆಗೆ ಬೇಕು ಅಂತಿದ್ದಳು. ಆ ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ.

ಈ ನಡುವೆ ನಾನು ಊರಿಗೆ ಹೋಗಿ ಅಜ್ಜಿಯ ಮುಂಗೈ ಹಚ್ಚೆಯ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಕೂತೆ. ನಡುವೆ ತೊಟ್ಟಿಲಿನಂಥ ಗೆರೆ, ಸುತ್ತ ಚುಕ್ಕೆಗಳು. ಹಸಿರು ಈಗ ಬೂದಿಗೆ ತಿರುಗಿದೆ. ಎಂಬತ್ತಾರರ ಚರ್ಮ, ಎಳೆದು ಹಿಡಿದರೆ ಮಾತ್ರ ಗೆರೆ ನೇರ ಕಾಣುತ್ತದೆ. ಅಜ್ಜಿಗೆ ಇದನ್ನು ಹಾಕಿದ್ದು ಸುಗ್ಗಿ ಮುಗಿದ ಮೇಲೆ ಊರಿಗೆ ಬರುತ್ತಿದ್ದ ಕೊರವಂಜಿ. ಜಗಲಿಯ ಮೇಲೆ ಅವಳು ಕೂತರೆ ಬೀದಿಯ ಹೆಣ್ಣುಮಕ್ಕಳೆಲ್ಲ ಸೇರುತ್ತಿದ್ದರಂತೆ. ಒಬ್ಬಳ ಕೈಯನ್ನು ಇಬ್ಬರು ಹಿಡಿಯುವುದು, ಉಳಿದವರು ಪದ ಹೇಳುವುದು, ಅಳುವವಳ ಬಾಯಿಗೆ ಬೆಲ್ಲ. ದೀಪದ ಕಾಡಿಗೆ, ಅದಕ್ಕೆ ಯಾವುದೋ ಸೊಪ್ಪಿನ ರಸ, ಒಟ್ಟು ಕಟ್ಟಿದ ಮೂರು ಸೂಜಿ. ಆಮೇಲೆ ಅರಿಶಿನ. ಕೂಲಿ ಎರಡು ಸೇರು ರಾಗಿ, ಎಲೆ ಅಡಿಕೆ.

ನಾವೇನೋ ಹೊಸದಾಗಿ ಟ್ಯಾಟೂ ಪಾರ್ಟಿ ಮಾಡುತ್ತಿದ್ದೇವೆ ಅಂದುಕೊಂಡಿದ್ದೆ!

"ಎಲ್ಲರಿಗೂ ಒಂದೇ ಸೂಜಿನಾ ಅಜ್ಜಿ?"

"ಮತ್ತೆ? ಒಬ್ಬೊಬ್ಬರಿಗೆ ಒಂದೊಂದು ತರಾಕೆ ಅವಳೇನು ಸಾವ್ಕಾರ್ತಿಯಾ?" ಅಂದಿತು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು, ಕೆಳಗಿನ ಮನೆಯ ಹುಡುಗಿಗೆ ಕೈ ಕೀವು ಕಟ್ಟಿ ಜ್ವರ ಬಂದು ತಿಂಗಳು ಮಲಗಿದ್ದಳು ಅಂತಲೂ ನೆನಪು ಮಾಡಿಕೊಂಡಿತು. "ಸತ್ತ ಮೇಲೆ ಜೊತೇಲಿ ಬರೋದು ಇದೊಂದೇ ಕಣವ್ವ. ಒಡವೆ ಎಲ್ಲಾ ನಿಮ್ಮಮ್ಮ ಬಿಚ್ಕಂತಾಳೆ."

ಸೋಮವಾರ ಹತ್ತಕ್ಕೆ ನಾವು ಸ್ಟುಡಿಯೋದಲ್ಲಿದ್ದೆವು. ಎಲ್ಲರೂ ಇಡ್ಲಿ ತಿಂದೇ ಬಂದಿದ್ದೆವು. ಖಾಲಿ ಹೊಟ್ಟೆಯಲ್ಲಿ ಬಂದರೆ ತಲೆ ಸುತ್ತುತ್ತೆ ಅಂತ ಕಲಾವಿದ ಮೊದಲೇ ಹೇಳಿದ್ದ. ಮೇಜು, ಕುರ್ಚಿಯ ಕೈ, ಮಷೀನಿನ ವೈರು, ದೀಪದ ಹಿಡಿಕೆ, ಎಲ್ಲದಕ್ಕೂ ಪ್ಲಾಸ್ಟಿಕ್ ಹಾಳೆ ಸುತ್ತಿದ್ದ. ಸೂಜಿಯ ಪ್ಯಾಕೆಟ್ಟನ್ನು ನಮ್ಮ ಕಣ್ಣೆದುರೇ ಹರಿದ. ಅದಕ್ಕೆ ಮುಂಚೆ ಹಾಸ್ನಳ ಕೈಗೆ ಕೊಟ್ಟು ಎಕ್ಸ್‌ಪೈರಿ ತಾರೀಕು ಓದಿಸಿದ. ಶಾಯಿಯನ್ನು ಬಾಟಲಿಯಿಂದ ಕಡಲೆಕಾಳಿನಷ್ಟು ಪುಟ್ಟ ಬಟ್ಟಲಿಗೆ ಹನಿಸಿದ. ಉಳಿದರೆ ಬಿಸಾಡುವುದೇ, ವಾಪಸ್ ಸುರಿಯುವ ಹಾಗಿಲ್ಲ. ತೆಳು ಮಾಡುವುದಕ್ಕೂ ನಲ್ಲಿ ನೀರು ಮುಟ್ಟಲಿಲ್ಲ. ಮೊಬೈಲ್ ಬಡಿದುಕೊಂಡಾಗ ಅದನ್ನು ಸುಮ್ನೆ ಬಡಿಯಲು ಬಿಟ್ಟ. ಒಂದು ಸಲ ಮರೆತು ಕನ್ನಡಕ ಸರಿಮಾಡಿಕೊಂಡ. ಹಾಸ್ನ ಬಾಯಿ ತೆರೆಯುವ ಮೊದಲೇ ಗ್ಲೌಸ್ ಬಿಚ್ಚಿ ಹೊಸದು ಹಾಕಿಕೊಂಡ. ಅವಳ ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು.

ಇಷ್ಟೆಲ್ಲಾ ಎಚ್ಚರದ ನಡುವೆಯೂ ದೊಡ್ಡ ಅನಾಹುತ ಆಗುವುದರಲ್ಲಿತ್ತು. ಅದಕ್ಕೂ ರೋಗಕ್ಕೂ ಸಂಬಂಧವೇ ಇಲ್ಲ.

ಹುಬ್ಳಿಗೆ ಬೇಕಿದ್ದದ್ದು ಎರಡೇ ಅಕ್ಷರ, 'ಅವ್ವ'. ಹೋದ ವರ್ಷ ತೀರಿಕೊಂಡರು. ಕಲಾವಿದ ಕಂಪ್ಯೂಟರಿನಲ್ಲಿ ಬರೆದು, ಸ್ಟೆನ್ಸಿಲ್ ತೆಗೆದು, ಅವಳ ಮುಂಗೈಗೆ ಒತ್ತಿ ಎತ್ತಿದ. ನೇರಳೆ ಬಣ್ಣದಲ್ಲಿ ಅಕ್ಷರ ಅಂದವಾಗಿ ಮೂಡಿತು. ಅವಳು ಆಗಲೇ ಅಳಲು ಶುರು ಮಾಡಿದ್ದಳು. ನಾವು ಫೋಟೋ ತೆಗೆಯುತ್ತಿದ್ದೆವು. ಅವನು ಮಷೀನಿನ ಸ್ವಿಚ್ ಒತ್ತಿದ, ಗುಂಯ್ ಅಂತ ಶಬ್ದ ಬಂತು.

"ಏ, ಒಸಿ ನಿಲ್ಲಪ್ಪೋ!"

ಕೂಗಿದ್ದು ಮಂಡ್ಯ. ಅವಳು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಬಗ್ಗಿ ನೋಡಿದರೆ ಕೈ ಮೇಲೆ ಇದ್ದದ್ದು 'ಅವ್‌ವ'. ಅವನ ಡಿಸೈನ್ ಸಾಫ್ಟ್‌ವೇರು ಒತ್ತಕ್ಷರವನ್ನು ಒಡೆದು ಪಕ್ಕಕ್ಕೆ ಕೂರಿಸಿತ್ತು. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದಲು ಬರುವುದಿಲ್ಲ. ನಮಗೆ ಓದಲು ಬರುತ್ತದೆ, ನಾವು ಓದಿರಲಿಲ್ಲ. ಮದುವೆ ಫ್ಲೆಕ್ಸುಗಳಲ್ಲಿ, ಬಸ್ಸಿನ ಬೋರ್ಡುಗಳಲ್ಲಿ ಇಂಥ ಒಡೆದ ಒತ್ತು ನೋಡಿ ನೋಡಿ ನಮ್ಮ ಕಣ್ಣು ಹೊಂದಿಕೊಂಡಿದೆ ಅನ್ನಿಸುತ್ತದೆ. ಫ್ಲೆಕ್ಸ್ ಆದರೆ ಮಾರನೇ ದಿನ ಕಿತ್ತು ಹಾಕಬಹುದು.

ಒರೆಸಿದ. ಚರ್ಮ ಕೆಂಪಾಗಿತ್ತು, ಅರ್ಧ ಗಂಟೆ ಬಿಡೋಣ ಅಂದ. ಆ ಅರ್ಧ ಗಂಟೆಯಲ್ಲಿ ಮಂಡ್ಯ ಕೆಳಗಿನ ಝೆರಾಕ್ಸ್ ಅಂಗಡಿಯಿಂದ ಸ್ಕೆಚ್ ಪೆನ್ನು ತಂದು, ಹಾಳೆಯ ತುಂಬಾ 'ಅವ್ವ' ಅಂತ ಬರೆದಳು. ಇಪ್ಪತ್ತು ಮೂವತ್ತು ಸಲ ಬರೆದಿರಬಹುದು. ಹಾಸ್ಟೆಲಿನ ಗೋಡೆ ಪತ್ರಿಕೆ ಬರೆಯುತ್ತಿದ್ದ ಕೈ ಅದು. ಹುಬ್ಳಿ ಒಂದಕ್ಕೆ ಬೆರಳಿಟ್ಟಳು. ಅದೇ ಸ್ಟೆನ್ಸಿಲ್ ಆಯಿತು. ಈ ಸಲ ಐದು ಜನ ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಓದಿದೆವು. ಶಾಲೆಯ ಒಂದನೇ ಕ್ಲಾಸಿನ ಹಾಗಿತ್ತು.

ಉಳಿದದ್ದು ಸಲೀಸು. ಕುಂದಾಪ್ರದವಳಿಗೆ ಕಾಲ ಮೇಲೆ ಒಂದು ಬಂಗುಡೆ ಮೀನು, ಮಂಡ್ಯಗೆ ಮಗಳ ಹೆಸರಿನ ಮೊದಲ ಅಕ್ಷರ. ನನ್ನ ಸರದಿ ಕೊನೆಗೆ. ಗೆರೆ ಎಳೆಯುವಾಗ ಬಿಸಿಲಿಗೆ ಸುಟ್ಟ ಚರ್ಮವನ್ನು ಉಗುರಲ್ಲಿ ಗೀರಿದ ಹಾಗೆ. ಚುಕ್ಕೆಗಳು ಬಂದಾಗ ಬೇರೆಯದೇ ಉರಿ, ಕೆಂಪಿರುವೆ ಒಂದೊಂದೇ ಸಾಲಾಗಿ ಕಚ್ಚಿದಂತೆ. ಬೆಲ್ಲ ಕೊಡುವವರು ಯಾರೂ ಇರಲಿಲ್ಲ. ಕುಂದಾಪ್ರದವಳು ಒಂದು ಚಾಕೊಲೇಟ್ ತುರುಕಿದಳು.

ಮನೆಗೆ ಬರುವಷ್ಟರಲ್ಲಿ ಬಳ್ಳಾರಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡೇ ಜೋಳದ ರೊಟ್ಟಿ ಬಡಿಸಿಟ್ಟಿದ್ದಳು. ಎಣ್ಣೆಗಾಯಿ, ಶೇಂಗಾ ಚಟ್ನಿ. ಸೋಮವಾರ ಕೋಳಿ ನಡೆಯಂಗಿಲ್ಲ ಅಂತ ಹುಬ್ಳಿಯ ಕರಾರು. ಹಾಸ್ನ ಮಾತ್ರ ನಮ್ಮನ್ನು ಊಟಕ್ಕೆ ಬಿಡದೆ, ಟ್ಯಾಟೂ ಮುಟ್ಟಬೇಡಿ, ಕೆರೆಯಬೇಡಿ, ಪೊರೆ ಎದ್ದರೆ ಕೀಳಬೇಡಿ ಅಂತ ಗೋಡೆಗೆ ಚೀಟಿ ಅಂಟಿಸುತ್ತಿದ್ದಳು. ಹುಬ್ಳಿಯ ತಂಗಿ ಎರಡನೇ ರೊಟ್ಟಿಗೆ ನನ್ನನ್ನು ಮಾತಾಡಿಸಿದಳು.

ಮೂರು ವಾರ ಬಿಟ್ಟು, ಪೊರೆಯೆಲ್ಲ ಉದುರಿದ ಮೇಲೆ ತಿಪಟೂರಿಗೆ ಹೋದೆ. ಅಜ್ಜಿ ನನ್ನ ಕೈಯನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು ಹೆಬ್ಬೆರಳಲ್ಲಿ ಒಂದೊಂದೇ ಚುಕ್ಕೆ ಮುಟ್ಟುತ್ತಾ ಹೋಯಿತು. ಬಾಯಲ್ಲಿ ಎಣಿಕೆ. ಎಂಟಕ್ಕೆ ನಿಂತಿತು. ಮತ್ತೆ ಮೊದಲಿಂದ ಎಣಿಸಿತು.

"ಒಂದು ಕಮ್ಮಿ ಐತೆ."

"ಇಲ್ಲ ಅಜ್ಜಿ, ನಿನ್ನ ಕೈ ನೋಡೇ ಬರೆದಿದ್ದು. ಎಂಟೇ ಇದ್ದಿದ್ದು."

"ನನ್ನದು ಅಳಿಸಿಹೋಗಿರಬೋದು. ಇಲ್ಲಿತ್ತು ಕಣೆ," ಅಂತ ತೊಟ್ಟಿಲಿನ ಕೆಳಗೆ ಉಗುರಿಂದ ಒತ್ತಿ ತೋರಿಸಿತು. ಆಮೇಲೆ ಕೈ ಬಿಟ್ಟು ಎಲೆ ಅಡಿಕೆ ಡಬ್ಬಿ ಹತ್ತಿರ ಎಳೆದುಕೊಳ್ಳುತ್ತಾ ಕೇಳಿತು.

"ಒಂದು ಚುಕ್ಕೆಗೆ ಎಷ್ಟು ಇಸ್ಕಂತಾನೆ ಅವನು?"